ಬಿಳಿ ದಾರದ ಮೂರು ಮರಿಗಳು

ಧಾರವಾಡ
2 ನವೆಂಬರ್ 2024

ಶ್ರೀಮತಿ ಭಾಗ್ಯ ಅವರಿಗೆ ನಮಸ್ಕಾರ.

ನಾನು ಸ್ಪಂದನಾ, ಇಲ್ಲಿಯ ಮಲಪ್ರಭಾ ಪ್ರಾಣಿ ಪೋಷಣೆ ಸಂಶೋಧನಾ ಕೇಂದ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು. ಕಳೆದ ತಿಂಗಳು ತೆರಕಣಾಂಬಿಗೆ ಬಂದಾಗ ನೀವೇ ನನ್ನನ್ನು ಮೂರು ಮನೆಗಳಿಗೆ ಕರೆದುಕೊಂಡು ಹೋಗಿ ಆಡುಗಳನ್ನು ತೋರಿಸಿದಿರಿ. ಔಷಧಿ ಚೀಲ ಹೊತ್ತು ಮನೆಮನೆಯ ಆಡುಗಳನ್ನು ನೋಡಿಕೊಳ್ಳುವ ಪಶುಸಖಿಯಾಗಿ ಊರಿನ ಪ್ರತಿ ಕೊಟ್ಟಿಗೆಯೂ ನಿಮಗೆ ಪರಿಚಯ. ಈ ಕೆಲಸಕ್ಕೆ ನೀವು ಒಪ್ಪಿದ್ದಕ್ಕೆ ಧನ್ಯವಾದ.

ಈ ಪತ್ರದ ಜೊತೆ ಕಳಿಸಿದ ಪೆಟ್ಟಿಗೆಯಲ್ಲಿ ನಾಲ್ಕು ಬಣ್ಣದ ಪೊಟ್ಟಣಗಳಿವೆ: ಕೆಂಪು, ನೀಲಿ, ಹಳದಿ, ಬಿಳಿ. ಇಪ್ಪತ್ನಾಲ್ಕು ಮರಿಗಳಿಗೆ ಚೀಟಿ ಎತ್ತಿ, ಯಾವ ಬಣ್ಣ ಬರುತ್ತದೋ ಆ ಬಣ್ಣದ ದಾರವನ್ನು ಕೊರಳಿಗೆ ಕಟ್ಟಿ. ದಿನಾ ಬೆಳಿಗ್ಗೆ ಒಂದು ಪೊಟ್ಟಣದ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಗೆ ಹಾಕಬೇಕು. ಒಟ್ಟು ಅರವತ್ತು ದಿನ. ಹದಿನೈದು ದಿನಕ್ಕೊಮ್ಮೆ ತೂಕ ಮಾಡಿ, ಪ್ರತಿ ಮರಿಯ ಹಿಕ್ಕೆಯನ್ನು ಕೊಳವೆಗೆ ತುಂಬಿ ಕಳಿಸಬೇಕು.

ಕೆಲವು ಪೊಟ್ಟಣಗಳಲ್ಲಿ ಆರೋಗ್ಯವಾದ ಮರಿಗಳ ಕರುಳಿನಲ್ಲಿ ಇರುವಂಥದೇ ಬ್ಯಾಕ್ಟೀರಿಯಾಗಳಿವೆ, ಕೆಲವುಗಳಲ್ಲಿ ಬರೀ ಹಾಲಿನ ಪುಡಿ ಇದೆ. ಯಾವ ಬಣ್ಣದಲ್ಲಿ ಏನಿದೆ ಎಂದು ನಿಮಗೆ ಹೇಳುವಂತಿಲ್ಲ. ಗೊತ್ತಾದರೆ ನಮಗೇ ತಿಳಿಯದಂತೆ ಕೈ ಒಂದು ಕಡೆಗೆ ವಾಲುತ್ತದೆ. ಭೇದಿಯಾದರೆ ಉಪ್ಪು-ಬೆಲ್ಲದ ನೀರು ಕೊಡಬಹುದು. ನಿಮ್ಮ ಚೀಲದ ಔಷಧಿ ಮಾತ್ರ ಬೇಡ. ಅದು ಕರುಳಿನೊಳಗಿನ ಎಲ್ಲವನ್ನೂ ಕೊಲ್ಲುತ್ತದೆ, ನಮ್ಮ ಲೆಕ್ಕ ಕೆಡುತ್ತದೆ.

ಇನ್ನೊಂದು ಕೋರಿಕೆ. ಫೋನಿನಲ್ಲಿ ವರದಿ ಬೇಡ, ಕೊಳವೆಗಳ ಜೊತೆ ಪತ್ರ ಬರೆಯಿರಿ. ಹಿಂದೆ ಬೇರೊಂದು ಊರಿನಲ್ಲಿ ಫೋನಿನಲ್ಲಿ ಹೇಳಿದ ತೂಕಕ್ಕೂ ಪುಸ್ತಕದ ತೂಕಕ್ಕೂ ತಾಳೆಯಾಗದೆ ಒಂದು ವರ್ಷದ ಕೆಲಸ ಹಾಳಾಯಿತು.

ವಂದನೆಗಳೊಂದಿಗೆ,
ಸ್ಪಂದನಾ


ತೆರಕಣಾಂಬಿ
11 ನವೆಂಬರ್ 2024

ಸ್ಪಂದನಾ ಮೇಡಂ ಅವರಿಗೆ ಭಾಗ್ಯ ಮಾಡುವ ನಮಸ್ಕಾರಗಳು.

ನಿನ್ನೆ ಕೆಲಸ ಶುರುವಾಯಿತು. ತೂಕದ ಪಟ್ಟಿ ಬೇರೆ ಹಾಳೆಯಲ್ಲಿದೆ. ಮರಿಗಳನ್ನು ಹಳೇ ಸೀರೆಯ ಜೋಲಿಯಲ್ಲಿ ಹಾಕಿ ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗಿದೆ. ಒದೆಯುತ್ತಿದ್ದರೆ ಮುಳ್ಳು ನಿಲ್ಲುವುದಿಲ್ಲ. ಹಾಗಾಗಿ ಒಂದೊಂದನ್ನೂ ಮೂರು ಸಲ ತೂಗಿ ನಡುವಿನದನ್ನು ಬರೆದಿದ್ದೇನೆ.

ಚೀಟಿ ಎತ್ತಿದ್ದು ಎಲ್ಲರ ಎದುರಿಗೆ. ಮರಿಯಯ್ಯನವರ ಎಂಟು ಮರಿಗಳಲ್ಲಿ ನಾಲ್ಕಕ್ಕೆ ಹಳದಿ ಬಂತು. ಚಿಕ್ಕಣ್ಣನವರ ಒಂಬತ್ತರಲ್ಲಿ ಎಲ್ಲ ಬಣ್ಣವೂ ಇವೆ. ಪುಟ್ಟಸಿದ್ದಮ್ಮನವರ ಏಳು ಮರಿಗಳಲ್ಲಿ ಮೂರು ಬಿಳಿ, ಎರಡು ಕೆಂಪು, ಎರಡು ನೀಲಿ. ಹಳದಿ ಒಂದೂ ಇಲ್ಲ. ಇವರಿಗೆ ಗಂಡನಿಲ್ಲ, ಹೊಲವಿಲ್ಲ, ಆಡುಗಳಷ್ಟೇ. ಗೋಪಾಲಸ್ವಾಮಿ ಬೆಟ್ಟದ ಕಡೆ ಕಾಡಂಚಿಗೆ ಬಿಡುವುದನ್ನು ಅರಣ್ಯದವರು ನಿಲ್ಲಿಸಿದ ಮೇಲೆ ಹೊಲದ ಬದುಗಳಲ್ಲೇ ಮೇಯಿಸುತ್ತಾರೆ. ದಾರ ಕಟ್ಟುವಾಗ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನೀವು ಎಲ್ಲವನ್ನೂ ಬರೆಯಲು ಹೇಳಿದ್ದೀರಿ.

“ಅವ್ರ ಮರೀಗೆ ಅರಿಶಿನದ್ ಬಣ್ಣ, ನಮ್ ಮರೀಗೆ ಬೋಳ್ ಬಿಳಿ. ಯಾಕಮ್ಮಿ, ನಮ್ಮವು ಏನ್ ಪಾಪ ಮಾಡಿದ್ದೊ?”

ಚೀಟಿಯಲ್ಲಿ ಬಂದದ್ದು ಎಂದೆ. “ಚೀಟೀನೂ ನೀನೇ ತಂದೆ” ಅಂದರು. ಆದರೂ ಮರಿಯ ಬಾಯಿ ತೆರೆದು ಹಿಡಿದುಕೊಂಡರು.

ಭಾಗ್ಯ


ತೆರಕಣಾಂಬಿ
25 ನವೆಂಬರ್ 2024

ಮೇಡಂ,

ಎರಡನೆಯ ತೂಕ ಕಳಿಸಿದ್ದೇನೆ. ಹಳದಿಯವು ಚೆನ್ನಾಗಿ ಏರಿವೆ, ಮೈ ಮೇಲಿನ ಕೂದಲೂ ಹೊಳೆಯುತ್ತಿದೆ. ನೀಲಿ ಮತ್ತು ಬಿಳಿ ಸಾಧಾರಣ. ಕೆಂಪಿನವು ಮೊದಲ ವಾರ ಜೋರಾಗಿ ಹಾಲು ಕುಡಿದವು. ಆಮೇಲೆ ಆರರಲ್ಲಿ ನಾಲ್ಕಕ್ಕೆ ಹಿಕ್ಕೆ ತೆಳ್ಳಗಾಗಿ ಹುಳಿ ವಾಸನೆ ಬರುತ್ತಿದೆ. ಉಪ್ಪು-ಬೆಲ್ಲದ ನೀರು ಕೊಡುತ್ತಿದ್ದೇನೆ.

ಔಷಧಿ ಚೀಲವನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೇನೆ. ಹೆಗಲ ಮೇಲಿದ್ದರೆ ಜನ ಕೇಳುತ್ತಾರೆ.

ಭಾಗ್ಯ


ತೆರಕಣಾಂಬಿ
2 ಡಿಸೆಂಬರ್ 2024

ಮೇಡಂ,

ಪುಟ್ಟಸಿದ್ದಮ್ಮನವರ ಒಂದು ಕೆಂಪು ದಾರದ ಮರಿ ನಿನ್ನೆ ಬೆಳಿಗ್ಗೆ ಸತ್ತಿದೆ. ಪಟ್ಟಿಯಲ್ಲಿ ಹದಿನಾಲ್ಕನೆಯದು. ಐದು ದಿನದಿಂದ ಭೇದಿ ಇತ್ತು. ಕೊನೆಯ ತೂಕ ಎರಡು ಕಿಲೋ ನಾನೂರು ಗ್ರಾಂ, ಅದು ಮೊದಲ ದಿನದ ತೂಕಕ್ಕಿಂತಲೂ ಕಡಿಮೆ.

ಅವರು ನನ್ನನ್ನು ಬೈಯಲಿಲ್ಲ. “ನಿನ್ ಚೀಲ ಎಲ್ಲಮ್ಮಿ?” ಎಂದು ಮಾತ್ರ ಕೇಳಿದರು. ಆರು ವರ್ಷದಲ್ಲಿ ಅವರ ಮನೆಗೆ ನಾನು ಚೀಲವಿಲ್ಲದೆ ಹೋದದ್ದು ಈ ತಿಂಗಳೇ.

ಒಂದು ವಿಷಯ ಕೇಳುತ್ತೇನೆ. ಕೆಂಪು ಪೊಟ್ಟಣದಲ್ಲಿ ಏನಾದರೂ ತೊಂದರೆ ಇದೆಯೇ? ಹೇಳುವಂತಿಲ್ಲ ಎಂದು ಗೊತ್ತು. ಇದೆ ಅಥವಾ ಇಲ್ಲ ಎಂದಷ್ಟೇ ಬರೆದರೂ ಸಾಕು.

ಭಾಗ್ಯ


ತೆರಕಣಾಂಬಿ
5 ಡಿಸೆಂಬರ್ 2024

ಮೇಡಂ,

ಮರಿಯಯ್ಯನವರು ಒಂದು ಹಳದಿ ದಾರದ ಮರಿಯನ್ನು ತಾಯಿ ಸಮೇತ ಕೇರಳದ ವ್ಯಾಪಾರಿಗೆ ನಿನ್ನೆ ಮಾರಿದರು. ನನಗೆ ಹೇಳಿದ್ದು ಲಾರಿ ಗುಂಡ್ಲುಪೇಟೆ ದಾಟಿದ ಮೇಲೆ. ಆ ಮರಿಗೆ ಇಪ್ಪತ್ನಾಲ್ಕು ದಿನ ಕೊಟ್ಟಾಗಿತ್ತು, ಮೂವತ್ತಾರು ಪೊಟ್ಟಣ ಉಳಿದಿವೆ. ಏನು ಮಾಡಲಿ?

ಪುಟ್ಟಸಿದ್ದಮ್ಮನವರ ಮೂರು ಬಿಳಿ ಮರಿಗಳಿಗೂ ಭೇದಿ ಶುರುವಾಗಿದೆ.

ಭಾಗ್ಯ


ಧಾರವಾಡ
11 ಡಿಸೆಂಬರ್ 2024

ಭಾಗ್ಯ ಅವರಿಗೆ,

ನಿಮ್ಮ ಎರಡೂ ಪತ್ರಗಳು ತಲುಪಿವೆ.

ಮರಿ ಸತ್ತದ್ದಕ್ಕೆ ವಿಷಾದವಿದೆ. ಈ ವಯಸ್ಸಿನಲ್ಲಿ ಹತ್ತಕ್ಕೆ ಒಂದೆರಡು ಮರಿಗಳು ಎಲ್ಲ ಊರುಗಳಲ್ಲೂ ಸಾಯುತ್ತವೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪೊಟ್ಟಣಗಳ ವಿಷಯ ಈಗ ಚರ್ಚಿಸುವಂತಿಲ್ಲ. ಪುಟ್ಟಸಿದ್ದಮ್ಮನವರು ಹೆಬ್ಬೆಟ್ಟು ಒತ್ತಿದ ಒಪ್ಪಿಗೆ ಪತ್ರದಲ್ಲಿ “ಕೆಲವು ಮರಿಗಳಿಗೆ ತಾತ್ಕಾಲಿಕ ಭೇದಿ ಆಗಬಹುದು” ಎಂಬ ಸಾಲಿದೆ.

ಉಳಿದ ಮೂವತ್ತಾರು ಹಳದಿ ಪೊಟ್ಟಣಗಳನ್ನು ಮುಂದಿನ ಪೆಟ್ಟಿಗೆಯಲ್ಲಿ ವಾಪಸು ಕಳಿಸಿ. ಇದು ಮುಖ್ಯ.

ಬಿಳಿ ಮರಿಗಳ ಭೇದಿಗೆ ಉಪ್ಪು-ಬೆಲ್ಲದ ನೀರು ಮುಂದುವರಿಸಿ.

ಸ್ಪಂದನಾ


ತೆರಕಣಾಂಬಿ
26 ಡಿಸೆಂಬರ್ 2024

ಮೇಡಂ,

ನಾಲ್ಕನೆಯ ತೂಕ, ಇಪ್ಪತ್ತೆರಡು ಕೊಳವೆಗಳು. ಬಿಳಿ ಮರಿಗಳ ಭೇದಿ ನಿಂತಿದೆ. ಮೂರೂ ಹಾಲು ಕುಡಿಯುತ್ತಿವೆ, ಸೊಪ್ಪು ಕಡಿಯಲು ಶುರುಮಾಡಿವೆ. ಕೆಂಪಿನವು ಹಾಗೇ ಇವೆ, ನೀಲಿಯವು ಹಾಗೇ ಇವೆ.

ಮೂವತ್ತಾರು ಪೊಟ್ಟಣಗಳು ಸೋರಿದ ನೀರಿಗೆ ಒದ್ದೆಯಾಗಿ ಗಂಟುಕಟ್ಟಿದ್ದವು. ಎಸೆದಿದ್ದೇನೆ. ಕ್ಷಮಿಸಿ.

ಇಲ್ಲಿ ಬೆಳಿಗ್ಗೆ ಒಂಬತ್ತರವರೆಗೂ ಮಂಜು. ಚೆಂಡುಹೂವಿನ ಗಿಡಗಳನ್ನೆಲ್ಲ ಕಿತ್ತು ಹೊಲ ಖಾಲಿಯಾಗಿದೆ. ಆಡುಗಳಿಗೆ ಮೇವು ತರಲು ದೂರ ಹೋಗಬೇಕು.

ಭಾಗ್ಯ


ಧಾರವಾಡ
18 ಜನವರಿ 2025

ಪ್ರಿಯ ಭಾಗ್ಯ ಅವರಿಗೆ,

ಅರವತ್ತು ದಿನ ಮುಗಿದು ಕೊನೆಯ ಕೊಳವೆಗಳೂ ಬಂದಿವೆ. ಇನ್ನು ಬಣ್ಣಗಳ ಅರ್ಥ ಹೇಳಬಹುದು, ಅದನ್ನು ನಿಮಗೆ ಮೊದಲು ಹೇಳಬೇಕೆನಿಸಿತು.

ಬಿಳಿಯಲ್ಲಿ ಬರೀ ಹಾಲಿನ ಪುಡಿ. ಕೆಂಪಿನಲ್ಲಿ ಒಂದು ಬ್ಯಾಕ್ಟೀರಿಯಾ, ನೀಲಿಯಲ್ಲಿ ಇನ್ನೊಂದು, ಹಳದಿಯಲ್ಲಿ ಎರಡೂ. ಮೊದಲನೆಯದು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತದೆ. ಹುಳಿ ಮಿತಿಮೀರಿದರೆ ಕರುಳಿಗೆ ಪೆಟ್ಟು. ಎರಡನೆಯದು ಹಾಲಿನ ಸಕ್ಕರೆಯನ್ನು ಮುಟ್ಟುವುದೇ ಇಲ್ಲ, ಅದಕ್ಕೆ ಆ ಹುಳಿಯೇ ಊಟ. ಒಂಟಿಯಾಗಿ ಕೊಟ್ಟರೆ ತಿನ್ನಲು ಏನೂ ಸಿಗದೆ ಕೆಲವೇ ದಿನದಲ್ಲಿ ಕಾಣೆಯಾಗುತ್ತದೆ. ಎರಡೂ ಒಟ್ಟಿಗಿದ್ದರೆ ಮೊದಲನೆಯದು ಮಾಡಿದ ಹುಳಿಯನ್ನು ಎರಡನೆಯದು ತಿಂದು, ಕರುಳಿನ ಒಳಗೋಡೆ ಬೆಳೆಯಲು ಬೇಕಾದ ಆಹಾರವನ್ನಾಗಿ ಬದಲಿಸುತ್ತದೆ. ಗೋಡೆ ಬೆಳೆದರೆ ಕುಡಿದ ಹಾಲು ಮೈಗೆ ಹತ್ತುತ್ತದೆ. ನಿಮ್ಮ ಹಳದಿ ಮರಿಗಳು ದಿನಕ್ಕೆ ನೂರು ಗ್ರಾಂ ಹತ್ತಿರ ಏರಿದ್ದು ಇದರಿಂದ.

ಇಷ್ಟನ್ನು ನಾವು ನಿರೀಕ್ಷಿಸಿದ್ದೆವು. ನಿರೀಕ್ಷಿಸದೆ ಇದ್ದದ್ದು ಪುಟ್ಟಸಿದ್ದಮ್ಮನವರ ಬಿಳಿ ಮರಿಗಳು! ಡಿಸೆಂಬರ್ ಕೊನೆಯ ಕೊಳವೆಗಳಲ್ಲಿ ಆ ಮೂರರ ಹಿಕ್ಕೆಯಲ್ಲೂ ಎರಡೂ ಬ್ಯಾಕ್ಟೀರಿಯಾಗಳು ಇವೆ, ಜನವರಿಯಲ್ಲೂ ಇವೆ. ಚಿಕ್ಕಣ್ಣನವರ ಬಿಳಿ ಮರಿಗಳಲ್ಲಿ ಒಂದೂ ಇಲ್ಲ, ಅಲ್ಲಿ ಹಳದಿ ದಾರದವು ಎರಡೇ. ಯಾರೂ ಕೊಡದೆ ಅವು ಅಲ್ಲಿಗೆ ಹೇಗೆ ಹೋದವು? ಪಕ್ಕದ ಮರಿಯಯ್ಯನವರ ಹಳದಿ ಮರಿಗಳಿಂದ ತಾವಾಗಿಯೇ ಹರಡಿರಬೇಕು. ಅದೂ ಜೋಡಿಯಾಗಿ! ಇದು ನಿಜವಾದರೆ ಪ್ರತಿ ಮರಿಗೂ ಪುಡಿ ಕೊಡಬೇಕಾಗಿಲ್ಲ, ಹಟ್ಟಿಯಲ್ಲಿ ನಾಲ್ಕಕ್ಕೆ ಕೊಟ್ಟರೆ ಉಳಿದವಕ್ಕೆ ತಾನೇ ದಾಟುತ್ತದೆ. ಚಂದ್ರಕುಮಾರ್ ಸರ್, ನನ್ನ ಮಾರ್ಗದರ್ಶಕರು, ಇಪ್ಪತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ ಎಂದರು.

ದಯವಿಟ್ಟು ಬೇಗ ತಿಳಿಸಿ: ಆ ಎರಡು ಮನೆಗಳ ಮರಿಗಳು ಒಂದೇ ತೊಟ್ಟಿಯಲ್ಲಿ ನೀರು ಕುಡಿಯುತ್ತವೆಯೇ?

ನಿಮ್ಮ,
ಸ್ಪಂದನಾ


ತೆರಕಣಾಂಬಿ
29 ಜನವರಿ 2025

ಮೇಡಂ,

ಹೌದು, ಎರಡು ಮನೆಗಳ ನಡುವೆ ಒಂದೇ ಕಲ್ಲಿನ ತೊಟ್ಟಿ. ಮರಿಗಳು ಅಲ್ಲಿ ಒಟ್ಟಿಗೇ ನೀರು ಕುಡಿಯುತ್ತವೆ. ಒಂದರ ಮೈ ಇನ್ನೊಂದು ನೆಕ್ಕುತ್ತದೆ.

ಭಾಗ್ಯ


ಧಾರವಾಡ
3 ಮಾರ್ಚ್ 2025

ಪ್ರಿಯ ಭಾಗ್ಯ ಅವರಿಗೆ,

ನಿಮ್ಮ ಎರಡು ಸಾಲಿನ ಉತ್ತರವನ್ನು ಎಷ್ಟು ಜನಕ್ಕೆ ತೋರಿಸಿದ್ದೇನೋ ಲೆಕ್ಕವಿಲ್ಲ. ಕಳೆದ ವಾರ ಪುಣೆಯ ಸಮ್ಮೇಳನದಲ್ಲಿ ಕಲ್ಲುತೊಟ್ಟಿಯ ಚಿತ್ರ ತೋರಿಸಿ ಮಾತಾಡಿದೆ. ನಾನು ಅಕ್ಟೋಬರಿನಲ್ಲಿ ಬಂದಾಗ ಸುಮ್ಮನೆ ತೆಗೆದ ಫೋಟೊ ಅದು. ಮುಗಿದ ಮೇಲೆ ಅರ್ಧ ಗಂಟೆ ಪ್ರಶ್ನೆಗಳು. ನನ್ನ ಅಪ್ಪ ಚಾಮರಾಜನಗರದಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ನನ್ನ ಓದು ಏನೆಂದು ಅವರಿಗೆ ಇದುವರೆಗೂ ವಿವರಿಸಲು ಆಗಿರಲಿಲ್ಲ. ಈ ಸಲ ಅವರೇ ಬೀದಿಯವರಿಗೆಲ್ಲ ವಿವರಿಸುತ್ತಿದ್ದಾರಂತೆ.

ಲೇಖನ ಸಿದ್ಧವಾಗಿದೆ. ಅದರಲ್ಲಿ ಮೂರು ಹೆಸರುಗಳಿರುತ್ತವೆ: ನನ್ನದು, ಚಂದ್ರಕುಮಾರ್ ಸರ್ ಅವರದು, ನಿಮ್ಮದು. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಕೃತಜ್ಞತೆ ಹೇಳಿ ಮುಗಿಸುವುದು ನನಗೆ ಇಷ್ಟವಿಲ್ಲ. ಜೊತೆಗಿರುವ ಹಾಳೆಗೆ ಸಹಿ ಮಾಡಿ ಕಳಿಸಿ. ಏಪ್ರಿಲ್ ಮೊದಲ ವಾರದೊಳಗೆ ಬಂದರೆ ಸಾಕು.

ನಿಮ್ಮ,
ಸ್ಪಂದನಾ


ಧಾರವಾಡ
2 ಏಪ್ರಿಲ್ 2025

ಭಾಗ್ಯ ಅವರಿಗೆ,

ಸಹಿ ಹಾಳೆ ಇನ್ನೂ ಬಂದಿಲ್ಲ. ಮನೆಯಲ್ಲಿ ಎಲ್ಲರೂ ಕ್ಷೇಮವೇ? ಅಂಚೆಯಲ್ಲಿ ಕಳೆದುಹೋಗಿರಬಹುದೆಂದು ಇನ್ನೊಂದು ಹಾಳೆ ಇಟ್ಟಿದ್ದೇನೆ.

ಸ್ಪಂದನಾ


ಚಾಮರಾಜನಗರ
21 ಏಪ್ರಿಲ್ 2025
ರಿಜಿಸ್ಟರ್ಡ್ ಪೋಸ್ಟ್

ಸ್ಪಂದನಾ ಅವರಿಗೆ,

ಇದನ್ನು ಚಾಮರಾಜನಗರದ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ತೆರಕಣಾಂಬಿಯಲ್ಲಾದರೆ ರಿಜಿಸ್ಟರ್ ಯಾಕೆ ಎಂದು ಕೇಳುತ್ತಾರೆ.

ಬಿಳಿ ಮರಿಗಳಿಗೆ ಏನೂ ತಾನಾಗಿ ಹರಡಲಿಲ್ಲ. ನಾನು ಕೊಟ್ಟೆ.

ಪೊಟ್ಟಣಗಳು ಒದ್ದೆಯಾಗಲಿಲ್ಲ. ಮೂವತ್ತಾರು ಪೊಟ್ಟಣ, ಮೂರು ಮರಿ, ಹನ್ನೆರಡು ದಿನ. ಡಿಸೆಂಬರ್ ಆರರಿಂದ ಹದಿನೇಳರವರೆಗೆ. ಹಳದಿಯಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಹಳದಿ ದಾರದವು ಸಾಯುತ್ತಿಲ್ಲ ಎಂಬುದು ಗೊತ್ತಿತ್ತು. ನಿಮ್ಮ ಉತ್ತರ ಬರುವ ಮೊದಲೇ ಶುರುಮಾಡಿದ್ದೆ. ವಾಪಸು ಕಳಿಸಿ ಎಂಬ ಪತ್ರ ಕೈಗೆ ಬಂದಾಗ ಇನ್ನೂ ಒಂಬತ್ತು ಪೊಟ್ಟಣ ಇದ್ದವು. ಅವನ್ನಾದರೂ ಕಳಿಸಬಹುದಿತ್ತು. ಕಳಿಸಲಿಲ್ಲ.

ಐದನೇ ತಾರೀಖು ಸಂಜೆ ಆ ಮರಿಗಳ ಬಾಯೊಳಗೆ ಬೆರಳಿಟ್ಟು ನೋಡಿದ್ದೆ. ತಣ್ಣಗಿತ್ತು. ಬಾಯಿ ತಣ್ಣಗಾದ ಮರಿ ಎರಡು ದಿನ ಇರುವುದಿಲ್ಲ. ಚೀಲದ ಔಷಧಿ ಕೊಡಬಾರದು ಎಂದು ನೀವು ಹೇಳಿದ್ದಿರಿ. ಅದನ್ನು ಪಾಲಿಸಿದೆ. ಹಳದಿ ಕೊಡಬಾರದು ಎಂದು ಎಲ್ಲೂ ಬರೆದಿರಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಬರೆಯಬೇಕಾಗಿರಲಿಲ್ಲ ಎಂಬುದೂ ಗೊತ್ತಿತ್ತು.

ತೊಟ್ಟಿಯ ಬಗ್ಗೆ ನಾನು ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಅವು ಒಂದೇ ತೊಟ್ಟಿಯಲ್ಲಿ ಕುಡಿಯುತ್ತವೆ. ಆದರೆ ನೀವು ಏನು ತಿಳಿದುಕೊಳ್ಳುತ್ತೀರಿ ಎಂದು ಗೊತ್ತಿದ್ದೇ ಬರೆದೆ. ಮೂವತ್ತಾರು ಪೊಟ್ಟಣದ ಸುಳ್ಳಿಗಿಂತ ಈ ಎರಡು ಸಾಲು ನನ್ನನ್ನು ಹೆಚ್ಚು ಕಾಡಿದೆ.

ನಿಮ್ಮ ಸಹಿ ಹಾಳೆ ಏಳು ವಾರ ನನ್ನ ಟ್ರಂಕಿನಲ್ಲಿತ್ತು. ಎಷ್ಟೋ ಸಲ ತೆಗೆದು ನೋಡಿದೆ. ನನ್ನ ಹೆಸರನ್ನು ಅಚ್ಚಿನಲ್ಲಿ ಹಾಗೆ ಯಾರೂ ಹಾಕಿರಲಿಲ್ಲ. ಖಾಲಿಯೇ ವಾಪಸು ಕಳಿಸುತ್ತಿದ್ದೇನೆ.

ನನ್ನ ಮೇಲಿನವರಿಗೆ ದೂರು ಕೊಡುವುದಾದರೆ ಕೊಡಿ. ಗುಂಡ್ಲುಪೇಟೆಯಲ್ಲಿ ಪಶುಸಖಿಯರ ಸಭೆ ಮುಂದಿನ ತಿಂಗಳಿದೆ. ಅಲ್ಲಿ ಕೇಳಿದರೆ ಇದನ್ನೇ ಹೇಳುತ್ತೇನೆ.

ಭಾಗ್ಯ


ಧಾರವಾಡ
9 ಮೇ 2025

ಭಾಗ್ಯ ಅವರಿಗೆ,

ಪತ್ರ ಏಪ್ರಿಲ್ ಇಪ್ಪತ್ತೈದಕ್ಕೆ ತಲುಪಿತು. ಹನ್ನೊಂದು ದಿನ ಅದು ನನ್ನ ಮೇಜಿನ ಖಾನೆಯಲ್ಲಿತ್ತು. ಮೊದಲ ದಿನ ನಿಮ್ಮ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕನೆಯ ದಿನ, ಈ ಪತ್ರ ಕಳೆದುಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದೆ. ಏನೂ ಆಗುತ್ತಿರಲಿಲ್ಲ. ಲೇಖನ ಅಚ್ಚಾಗುತ್ತಿತ್ತು. ಸ್ವೀಕೃತಿ ಚೀಟಿಯ ಮೇಲೆ ನನ್ನ ಸಹಿ ಇದೆ ಎಂದು ನೆನಪಾದದ್ದು ಆಮೇಲೆ. ಅದು ಇರದಿದ್ದರೆ ನಾನೇನು ಮಾಡುತ್ತಿದ್ದೆ ಎಂದು ನನಗೆ ಖಚಿತವಿಲ್ಲ.

ಹನ್ನೆರಡನೆಯ ದಿನ ಚಂದ್ರಕುಮಾರ್ ಸರ್‌ಗೆ ತೋರಿಸಿದೆ. ಎರಡು ಸಲ ಓದಿದರು. “ಈ ಕಾಗದ ನಿನಗೆ ಬಂದೇ ಇಲ್ಲ ಅಂದ್ಕೊ. ಮೂರು ಮರಿ. ಯಾರು ಹೋಗಿ ನೋಡ್ತಾರೆ?” ಎಂದರು. ಅವರು ಕೆಟ್ಟವರಲ್ಲ, ಎರಡು ವರ್ಷದಲ್ಲಿ ನಿವೃತ್ತರಾಗುವವರು. ನಾನು ಲೇಖನವನ್ನು ಹಿಂತೆಗೆದುಕೊಂಡೆ. ಪುಣೆಯ ಸಮ್ಮೇಳನದವರಿಗೂ ಬರೆದೆ. ಸರ್ ಈಗ ನನ್ನ ಜೊತೆ ಕೆಲಸದ ಮಾತು ಮಾತ್ರ ಆಡುತ್ತಾರೆ.

ಈಗ ನನ್ನ ವಿಷಯ. ಕೆಂಪು ಪೊಟ್ಟಣದಲ್ಲಿ ತೊಂದರೆ ಇದೆಯೇ ಎಂದು ನೀವು ಕೇಳಿದಿರಿ, ಇದೆ ಅಥವಾ ಇಲ್ಲ ಎಂದಷ್ಟೇ. ಇತ್ತು. ನನಗೆ ಗೊತ್ತಿತ್ತು. ಅದರ ಹಿಂದಿನ ವರ್ಷ ಇಲ್ಲಿಯೇ ಹನ್ನೆರಡು ಮರಿಗಳಿಗೆ ಅದೊಂದನ್ನೇ ಕೊಟ್ಟಾಗ ಐದಕ್ಕೆ ಭೇದಿಯಾಗಿ ಒಂದು ಸತ್ತಿತ್ತು. ಪ್ರಮಾಣ ಇಳಿಸಿದ್ದೇವೆ, ಹಳ್ಳಿಯ ಮರಿಗಳು ಗಟ್ಟಿ, ಏನೂ ಆಗುವುದಿಲ್ಲ ಎಂದುಕೊಂಡೆವು. ಒಪ್ಪಿಗೆ ಪತ್ರದಲ್ಲಿ ಹಾಕಿದ್ದು ಒಂದು ಸಾಲು. ಆ ಸಾಲನ್ನು ಬರೆದವಳು ನಾನು. “ತಾತ್ಕಾಲಿಕ” ಎಂಬ ಪದವನ್ನು ಸೇರಿಸಿದವಳೂ ನಾನೇ. ನೀವು ಕೇಳಿದಾಗ ಹತ್ತಕ್ಕೆ ಒಂದೆರಡು ಸಾಯುತ್ತವೆ ಎಂದು ಬರೆದು ಕೈತೊಳೆದುಕೊಂಡೆ. ನೀವು ತೊಟ್ಟಿಯ ಬಗ್ಗೆ ಬರೆದ ಹಾಗೆಯೇ, ಅದರಲ್ಲೂ ಸುಳ್ಳೇನೂ ಇರಲಿಲ್ಲ.

ದೂರು ಕೊಡುವುದಿಲ್ಲ. ಕೊಡಲು ನನಗೆ ಮುಖವಿಲ್ಲ.

ಸ್ಪಂದನಾ


ತೆರಕಣಾಂಬಿ
20 ಮೇ 2025

ಸ್ಪಂದನಾ ಅವರಿಗೆ,

ನಿಮ್ಮ ಪತ್ರ ಓದಿ ಎರಡು ದಿನ ನಾನು ಪುಟ್ಟಸಿದ್ದಮ್ಮನವರ ಮನೆಯ ಬೀದಿಗೆ ಹೋಗಲಿಲ್ಲ. ಮೂರನೆಯ ದಿನ ಹೋಗಿ ಎರಡನ್ನೂ ಹೇಳಿದೆ, ನನ್ನದನ್ನೂ ನಿಮ್ಮದನ್ನೂ.

ಅವರು ಹುಣಸೆಹಣ್ಣು ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. ನನ್ನದು ಕೇಳಿ ಇನ್ನೊಂದು ಹಣ್ಣು ಎತ್ತಿಕೊಂಡರು. ನಿಮ್ಮದು ಕೇಳಿದ ಮೇಲೆ, “ಆ ಪುಡಿ ಕೆಂಪು ದಾರದ್ಕೂ ಕೊಟ್ಟಿದ್ರೆ ಅದೂ ಉಳೀತಿತ್ತಾ?” ಎಂದರು.

ಅದು ಸಾಯುವಾಗ ನನ್ನ ಹತ್ತಿರ ಉಳಿಕೆ ಪೊಟ್ಟಣ ಇರಲಿಲ್ಲ, ಮರಿಯಯ್ಯ ಆಡು ಮಾರಿದ್ದು ಆಮೇಲೆ ಎಂದೆ.

“ನಿನ್ನ ಕೇಳ್ತಿಲ್ಲ ಕಣಮ್ಮಿ. ಬರ್ಕೊಟ್ಟಿರೋಳ್ನ ಕೇಳ್ತಿವ್ನಿ. ಅವ್ಳೇ ಬಂದು ಯೋಳ್ಲಿ.”

ನೀವು ಬರುವುದಾದರೆ ಚಾಮರಾಜನಗರದಿಂದ ಗುಂಡ್ಲುಪೇಟೆ ಬಸ್ಸು ಹತ್ತಿ. ಇಲ್ಲಿ ಇಳಿಯುವುದು ನಿಮಗೆ ಗೊತ್ತು. ಬರುವುದಿಲ್ಲ ಎಂದಾದರೆ ಅದನ್ನೂ ಬರೆಯಿರಿ, ಓದಿ ಹೇಳುತ್ತೇನೆ.

ಗುಂಡ್ಲುಪೇಟೆಯ ಸಭೆಯಲ್ಲಿ ನಾನಾಗಿಯೇ ಹೇಳಿದೆ. ಆರು ತಿಂಗಳು ಹೊಸ ಕೆಲಸ ಕೊಡುವುದಿಲ್ಲ ಎಂದಿದ್ದಾರೆ. ಚೀಲ ವಾಪಸು ಕೇಳಲಿಲ್ಲ.

ಭಾಗ್ಯ


ಧಾರವಾಡ
25 ಜೂನ್ 2025

ಭಾಗ್ಯಕ್ಕ,

ಮೊನ್ನೆ ಬಸ್ಸಿನಿಂದ ಇಳಿದಾಗ ನೀವು ನನ್ನನ್ನು ಏನೂ ಕೇಳದೆ ಮುಂದೆ ನಡೆದಿರಿ. ಒಳ್ಳೆಯದಾಯಿತು. ಏನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಆ ಅಂಗಳಕ್ಕೆ ಬಂದಾಗ ಉಳಿದಿರಲಿಲ್ಲ.

ನನ್ನ ಉತ್ತರ ನೀವೂ ಕೇಳಿದಿರಿ: ಉಳಿಯುವ ಸಾಧ್ಯತೆ ಹೆಚ್ಚಿತ್ತು, ಗೊತ್ತಿದ್ದೂ ನಾನು ಹೇಳಲಿಲ್ಲ. ಅವರು “ಊಂ” ಅಂದರು, ಅಷ್ಟೆ. ಆಮೇಲೆ ನೀವು ಮಜ್ಜಿಗೆಗೆ ಉಪ್ಪು ತರಲು ಮರಿಯಯ್ಯನವರ ಮನೆಗೆ ಹೋದಿರಿ. ಆ ಐದು ನಿಮಿಷದಲ್ಲಿ ನಡೆದದ್ದನ್ನು ನಿಮಗೆ ಹೇಳಬೇಡ ಎಂದಿದ್ದಾರೆ. ನಾವು ಮೂವರೂ ಬಚ್ಚಿಟ್ಟದ್ದು ಸಾಕು ಎಂದು ಬರೆಯುತ್ತಿದ್ದೇನೆ.

“ಅವ್ಳು ಅಳ್ದಿ ಪೊಟ್ನ ಒಡೆಯೋದ ನಾನು ಮೊದುಲ್ನೇ ದಿನ್ವೇ ನೋಡ್ದೆ ಕಣವ್ವ. ದಿನಾ ಬಿಳಿ ಒಡೀತಿದ್ದೋಳು ಅವತ್ತು ಅಳ್ದಿ ಒಡುದ್ಲು. ಕೇಳುದ್ರೆ ನಿಲ್ಸ್‌ಬುಡ್ತಾಳೆ ಅಂತ ಬಾಯಿ ಮುಚ್ಕೊಂಡು ಮರಿ ಬಾಯಿ ತೆಗ್ದು ಇಡ್ಕೊಂಡೆ. ಪಾಪ, ಅವ್ಳು ನನ್ನ ಮೊಕ ನೋಡ್ದೆ ತಲೆ ತಗ್ಗುಸ್ಕೊಂಡು ಹಾಕ್ತಿದ್ಲು.”

ಹನ್ನೆರಡು ದಿನವೂ ಅವರಿಗೆ ಗೊತ್ತಿತ್ತು. ಆರು ತಿಂಗಳು ನೀವು ಒಬ್ಬರೇ ಹೊತ್ತಿದ್ದೀರೆಂದು ನೀವು ತಿಳಿದಿದ್ದಿರಿ. ಅವರೂ ಹೊತ್ತಿದ್ದರು.

ಕೆಲಸದ ವಿಷಯ. ಪ್ರಬಂಧದಲ್ಲಿ ಆ ಮೂರು ಮರಿಗಳನ್ನು ಲೆಕ್ಕದಿಂದ ತೆಗೆದು, ಕಾರಣವನ್ನೂ ಬರೆದಿದ್ದೇನೆ: “ಕ್ಷೇತ್ರ ಸಹಾಯಕಿ ಸಾಯುವ ಸ್ಥಿತಿಯಲ್ಲಿದ್ದ ಈ ಮರಿಗಳಿಗೆ ಎರಡೂ ಬ್ಯಾಕ್ಟೀರಿಯಾಗಳ ಪುಡಿಯನ್ನು ಕೊಟ್ಟರು, ಮೂರೂ ಬದುಕಿದವು.” ಸರ್ ಕೊನೆಯ ಎರಡು ಪದಗಳನ್ನು ಹೊಡೆದುಹಾಕಿದರು. ನಾನು ಮತ್ತೆ ಸೇರಿಸಿದೆ. ಬಿಳಿ ಗುಂಪಿನಲ್ಲಿ ಮೂರೇ ಮರಿ ಉಳಿದದ್ದರಿಂದ ಪರೀಕ್ಷಕರು ಒಪ್ಪುವುದಿಲ್ಲ. ಇನ್ನೊಂದು ಹಂಗಾಮು ಮಾಡಬೇಕು. ನನಗೆ ಒಂದು ವರ್ಷ ಹೆಚ್ಚಾಗುತ್ತದೆ.

ಈ ಸಲ ಕೆಂಪು ಇರುವುದಿಲ್ಲ. ಅದರ ಉತ್ತರ ಸಿಕ್ಕಾಗಿದೆ. ಎರಡು ದಿನಕ್ಕಿಂತ ಹೆಚ್ಚು ಭೇದಿಯಾದ ಮರಿಯನ್ನು ಲೆಕ್ಕದಿಂದ ಬಿಟ್ಟು ಚಿಕಿತ್ಸೆ ಕೊಡಬೇಕು ಎಂಬ ನಿಯಮವನ್ನು ಮೊದಲೇ ಬರೆದಿದ್ದೇನೆ. ಪುಡಿ ಕೊಡುವ ಕೆಲಸ ನಿಮಗೆ ಇಲ್ಲ, ಅದಕ್ಕೆ ಸರ್ ಒಪ್ಪಲಿಲ್ಲ, ನಾನೂ ವಾದಿಸಲಿಲ್ಲ. ಅರವತ್ತು ದಿನ ನಾನೇ ಅಲ್ಲಿದ್ದು ಕೊಡುತ್ತೇನೆ. ದಾರ ಕಟ್ಟದೆ ಬರೀ ನಂಬರಿನ ಮೇಲೆ ತೂಗುವುದು ನಿಮ್ಮದು. ಒಪ್ಪುತ್ತೀರಾ? ಪುಟ್ಟಸಿದ್ದಮ್ಮನವರು ಒಪ್ಪುತ್ತಾರಾ? ಹೊಸ ಒಪ್ಪಿಗೆ ಪತ್ರ ಇಟ್ಟಿದ್ದೇನೆ. ಒಂದು ಸಾಲಿದ್ದದ್ದು ಈಗ ಒಂದೂವರೆ ಪುಟ ಆಗಿದೆ. ಸತ್ತ ಮರಿಯ ವಿಷಯವೂ ಇದೆ.

ಸ್ಪಂದನಾ


ತೆರಕಣಾಂಬಿ
8 ಜುಲೈ 2025

ಸ್ಪಂದನಾ,

ನಿಮ್ಮ ಪತ್ರವನ್ನು ಪುಟ್ಟಸಿದ್ದಮ್ಮನವರ ಎದುರಿಗೇ ಗಟ್ಟಿಯಾಗಿ ಓದಿದೆ, ಅವರು ಹೇಳಬೇಡ ಎಂದ ಭಾಗವನ್ನೂ ಸೇರಿಸಿ. ಆಮೇಲೆ ಅವರು, “ಅಷ್ಟೊಂದು ಓದವ್ಳೆ, ಆ ಉಡ್ಗೀಗೆ ಒಂದ್ ಮಾತು ಒಟ್ಟೇಲಿ ನಿಲ್ಲಾಕಿಲ್ವಲ್ಲ” ಅಂದರು. ನನಗೆ ನಗು ಬಂತು. ಅವರಿಗೂ ಬಂತು. ಡಿಸೆಂಬರಿನಿಂದ ನಾವಿಬ್ಬರೂ ಒಟ್ಟಿಗೆ ನಕ್ಕಿರಲಿಲ್ಲ.

ತೂಗುವ ಕೆಲಸಕ್ಕೆ ನಾನು ಒಪ್ಪಿದ್ದೇನೆ. ಹಂಗಾಮು ಬರುವಷ್ಟರಲ್ಲಿ ಸಭೆಯಲ್ಲಿ ಹೇಳಿದ ಆರು ತಿಂಗಳೂ ಮುಗಿದಿರುತ್ತದೆ. ಪುಡಿ ಕೊಡುವುದೂ ನನಗೇ ಇರಲಿ ಎಂದು ನೀವು ವಾದಿಸದೆ ಇದ್ದದ್ದು ಸರಿಯೇ. ಇನ್ನೊಂದು ಮರಿಯ ಬಾಯಿ ತಣ್ಣಗಾದರೆ ನಾನೇನು ಮಾಡುತ್ತೇನೆಂದು ನನಗೇ ಗೊತ್ತಿಲ್ಲ.

ಒಪ್ಪಿಗೆ ಪತ್ರವನ್ನು ಎರಡು ಸಲ ಓದಿಸಿಕೊಂಡರು. ಸತ್ತ ಮರಿಯ ತೂಕ ಹಾಕಿಲ್ಲ, ಅದನ್ನು ಹಾಕಿ ಎಂದು ಹೇಳಿದ್ದಾರೆ. ಎರಡು ಕಿಲೋ ನಾನೂರು. ಆಮೇಲೆ ನಾನು ಶಾಯಿ ಡಬ್ಬಿ ತೆಗೆದೆ, ಕಳೆದ ವರ್ಷ ಹೆಬ್ಬೆಟ್ಟು ಒತ್ತಿದ್ದರು. ಅದನ್ನು ಪಕ್ಕಕ್ಕೆ ತಳ್ಳಿ ಪೆನ್ನು ಕೇಳಿದರು. ಹೆಸರು ಬರೆಯಲು ಬರುತ್ತದೆ ಎಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ನಿಧಾನವಾಗಿ, ಒತ್ತಕ್ಷರಗಳನ್ನು ಒಂದೊಂದಾಗಿ ಕೆಳಗಿಳಿಸುತ್ತಾ ಬರೆದರು. ಹಾಗಾದರೆ ಹೋದ ಸಲ ಯಾಕೆ ಹೆಬ್ಬೆಟ್ಟು ಎಂದು ಕೇಳಿದೆ.

“ಓದ್ಸಲ ಏನೂ ಕೇಳ್ಕೊಳ್ದೆ ಒತ್ತುದ್ದು ಕಣಮ್ಮಿ. ಅದ್ಕೆ ಎಬ್ಬೆಟ್ಟು ಸಾಕಾಗಿತ್ತು.”

ಹಾಳೆ ಇದರ ಜೊತೆಗಿದೆ. ಸಹಿಯ ಮೇಲೆ ಹುಣಸೆಹಣ್ಣಿನ ಕಲೆ ಆಗಿದೆ, ಅಡ್ಡಿಯಿಲ್ಲ ತಾನೇ?

ಭಾಗ್ಯ